ಬೆರಣಿ ಬಯಲಿನ ಸೊಸೆಯರು

ಚೆಂಡು ಇರುವುದು ಹಿಡಿಯುವುದಕ್ಕೆ ಎಂಬುದು ಲೀಲಮ್ಮನ ನಂಬಿಕೆ. ಒದೆಯುವ ಆಟ, ಬಡಿಯುವ ಆಟ ಯಾವುದೂ ಅವರಿಗೆ ಸೇರುತ್ತಿರಲಿಲ್ಲ. ಎದುರಿನವರು ಎಸೆದದ್ದನ್ನು ಎರಡು ಕೈಯಲ್ಲಿ ಹಿಡಿಯಬೇಕು, ಒಂದು ಉಸಿರು ಎಳೆದುಕೊಳ್ಳಬೇಕು, ಒಂದೇ ಕೈಯಲ್ಲಿ ಭುಜದ ಮೇಲಿಂದ ಬಲೆಯಾಚೆ ಎಸೆಯಬೇಕು. ಥ್ರೋಬಾಲ್ ಎಂದರೆ ಇಷ್ಟೇ. ಹಾಸನದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕಲಿತ ಈ ಆಟವನ್ನು ಅವರು ದಿಲ್ಲಿಗೆ ತಂದರು. ಸಚಿವಾಲಯವೊಂದರಲ್ಲಿ ಗುಮಾಸ್ತೆಯಾಗಿ ಲೋಧಿ ಕಾಲೋನಿಯಲ್ಲಿ ಸಂಸಾರ ಹೂಡಿದಾಗ ಮನೆಯ ಮುಂದಿನ ಹುಲ್ಲಿನಲ್ಲಿ ಹಗ್ಗ ಕಟ್ಟಿ ಅಕ್ಕಪಕ್ಕದ ಹೆಂಗಸರಿಗೆ ಕಲಿಸಿದರು. ನಿವೃತ್ತಿಯಾಗಿ ಸರಕಾರಿ ಮನೆ ಬಿಟ್ಟುಕೊಡಬೇಕಾಗಿ ಬಂದಾಗ ಇಡ್ಲಿ ಪಾತ್ರೆಯ ಜೊತೆಗೆ ಚೆಂಡನ್ನೂ ಗಂಟು ಕಟ್ಟಿಕೊಂಡು ಹೊರಟರು.

ಹೊರಟದ್ದು ನೋಯ್ಡಾದಿಂದಾಚೆಯ ಹರ್ಸುಖ್‌ಪುರಕ್ಕೆ. ಎರಡು ಸಾವಿರದ ಮೂರನೆಯ ಇಸವಿ. ಊರಿನ ಹೊಲಗಳಲ್ಲಿ ಹೆಚ್ಚಿನವು ಅಷ್ಟರಲ್ಲೇ ರಸ್ತೆಗೂ ಕಾರ್ಖಾನೆಗೂ ಹೋಗಿದ್ದವು. ಊರಂಚಿನಲ್ಲಿ ಅಗ್ಗಕ್ಕೆ ಸಿಕ್ಕಿದ ಸಣ್ಣ ಮನೆಯ ಜಗಲಿಯಲ್ಲಿ ನಿಂತು ಗಂಡ ದಕ್ಷಿಣಾಮೂರ್ತಿ ಎದುರಿಗಿದ್ದ ಎಮ್ಮೆಗಳನ್ನು ನೋಡಿದರು.

"ಇಷ್ಟು ವರ್ಷ ಸರ್ವಿಸ್ ಮಾಡಿದ್ದು ಇವುಗಳ ಬೆನ್ನು ನೋಡೋದಕ್ಕಾ ಲೀಲಾ?"

"ಆಫೀಸಿನಲ್ಲಿ ನೋಡಿದ್ದಕ್ಕಿಂತ ವಾಸಿ ಕಣ್ರೀ."

ಊರಿನ ಹೆಂಗಸರು ದಕ್ಷಿಣಾಮೂರ್ತಿಯವರನ್ನು ಕಂಡೊಡನೆ ಸೆರಗನ್ನು ಎದೆಯವರೆಗೆ ಎಳೆದುಕೊಂಡು ಗೋಡೆಗೆ ಒತ್ತಿ ನಡೆಯುತ್ತಿದ್ದರು. ಮೊದಲ ವಾರ ಅವರು, "ನನ್ನ ಮುಖಕ್ಕೆ ಏನಾದ್ರೂ ಅಂಟಿದೆಯೇನೇ?" ಎಂದು ಹೆಂಡತಿಯನ್ನು ಕೇಳಿದರು. ಆಮೇಲೆ ತಿಳಿಯಿತು. ಅಲ್ಲಿ ಹುಟ್ಟಿದವಳು ಊರಿನ ಮಗಳು, ಅವಳಿಗೆ ಮುಸುಕಿಲ್ಲ. ಮದುವೆಯಾಗಿ ಬಂದವಳು ಊರಿನ ಸೊಸೆ, ಗಂಡನಿಗಿಂತ ಹಿರಿಯರಾದ ಗಂಡಸರೆಲ್ಲರ ಮುಂದೆಯೂ ಅವಳು ಮುಸುಕು ಹಾಕಬೇಕು. ತಲೆ ನರೆತ ದಕ್ಷಿಣಾಮೂರ್ತಿ ಊರಿಗೆ ಬಂದ ದಿನದಿಂದಲೇ ಊರಿನ ಮಾವಂದಿರಲ್ಲಿ ಒಬ್ಬರಾಗಿಬಿಟ್ಟಿದ್ದರು.

ಗಂಡಸರಿಗೆ ಚೌಪಾಲ್ ಇತ್ತು. ನಮ್ಮ ಕಡೆಯ ಅರಳಿಕಟ್ಟೆಯಂತೆ ಊರ ನಡುವಿನ ಜಗಲಿ. ಅಲ್ಲಿ ಹುಕ್ಕಾ, ಇಸ್ಪೀಟು, ಪಂಚಾಯ್ತಿ. ಹೆಂಗಸರಿಗೆ ಹೊಲವಿತ್ತು. ಮೇವು ಕೊಯ್ಯಲು ಗುಂಪಾಗಿ ಹೋಗಿ, ನಕ್ಕು, ಹಾಡಿ, ಜಗಳವಾಡಿ ಬರುತ್ತಿದ್ದರು. ಹೊಲ ಹೋಯಿತು. ನಲ್ಲಿ ಮನೆಯೊಳಗೇ ಬಂದು ಬಾವಿಯೂ ಹೋಯಿತು. ಉಳಿದದ್ದು ಕೆರೆಯ ಹಿಂದಿನ ಬಯಲು ಮಾತ್ರ. ಹೆಂಗಸರು ಬೆರಣಿ ತಟ್ಟಿ ಒಣಗಿಸಿ, ಗುಡಿಸಲಿನಷ್ಟೆತ್ತರ ಒಟ್ಟಿ, ಮಳೆಗೆ ನೆನೆಯದಂತೆ ಹುಲ್ಲು ಹೊದಿಸಿಡುವ ಜಾಗ. ಗಂಡಸರು ಆ ಕಡೆ ಸುಳಿಯುವುದಿಲ್ಲ.

ಅಲ್ಲಿಗೆ ಒಂದು ಸಂಜೆ ಲೀಲಮ್ಮ ಚೆಂಡು ಹಿಡಿದುಕೊಂಡು ಹೋದರು.

ಮುದುಕಿ ಭರ್ತೋ ದೇವಿ ಬೆರಣಿ ಒಟ್ಟಿಲಿಗೆ ಒರಗಿ ಹುಕ್ಕಾ ಎಳೆಯುತ್ತಿದ್ದಳು. ಅವಳ ಸೊಸೆ ಬಿಮ್ಲೇಶ್ ಮೊಣಕೈವರೆಗೂ ಸಗಣಿ ಮಾಡಿಕೊಂಡು ಕೂತಿದ್ದಳು.

"ಮದ್ರಾಸಿನವಳೇ, ಈ ವಯಸ್ಸಿನಲ್ಲಿ ಚೆಂಡೇ?" ಎಂದಳು ಭರ್ತೋ.

"ನಾನು ಮದ್ರಾಸಿನವಳಲ್ಲ. ಕರ್ನಾಟಕ."

"ಅದೂ ಮದ್ರಾಸಿನಲ್ಲೇ ತಾನೆ ಇರೋದು?"

ಲೀಲಮ್ಮ ಚೆಂಡನ್ನು ಬಿಮ್ಲೇಶಳ ಕಡೆ ಎಸೆದರು. ಅವಳು ಹಿಡಿದಳು. ಸಗಣಿ ಮೆತ್ತಿದ ಚೆಂಡನ್ನು ತಿರುಗಿಸಿ ಎಸೆದ ಹೊಡೆತಕ್ಕೆ ಲೀಲಮ್ಮ ಎರಡು ಹೆಜ್ಜೆ ಹಿಂದೆ ಸರಿದರು. ಮೇವಿನ ಹೊರೆಗಳನ್ನು ಗಾಡಿಗೆ ಎಸೆದು ಬೆಳೆದ ತೋಳು ಅದು.

ಅಂದಿನಿಂದ ಬೆರಣಿ ತಟ್ಟುವ ಕೆಲಸ ಸಂಜೆಗೆ ಬಿತ್ತು. ಎರಡು ಒಟ್ಟಿಲುಗಳ ನಡುವೆ ಹಳೆಯ ಹಗ್ಗದ ಮಂಚದ ನೂಲು ಬಿಚ್ಚಿ ಬಲೆ ಕಟ್ಟಿದರು. ಸೊಸೆಯರು ಒಬ್ಬೊಬ್ಬರಾಗಿ ಬಂದರು, ಸೆರಗನ್ನು ಸೊಂಟಕ್ಕೆ ಬಿಗಿದರು. ಸೀಟಿ ಲೀಲಮ್ಮನ ಕೊರಳಲ್ಲಿ, ಗೆರೆ ದಾಟಿತೇ ಇಲ್ಲವೇ ಎಂಬ ತೀರ್ಪು ಭರ್ತೋಳದ್ದು. ಸೊಸೆಯ ಪಾಳಿ ಬಂದಾಗ ಅವಳ ಕಣ್ಣು ಸ್ವಲ್ಪ ಮಂಜಾಗುತ್ತಿತ್ತು. ಆಟ ಮುಗಿದ ಮೇಲೆ ಮಾತು. ಯಾರ ಅತ್ತೆ ಹೇಗೆ, ಯಾರ ಮಗುವಿಗೆ ಜ್ವರ, ಯಾರ ಗಂಡ ಜಮೀನಿನ ದುಡ್ಡಿನಲ್ಲಿ ಕಾರು ತಂದು ಗೋಡೆಗೆ ಗುದ್ದಿದ. ಊರಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿಲ್ಲದಂತೆ ಇರುವುದಕ್ಕೆ ಎಲ್ಲರೂ ಒಪ್ಪಿದ್ದರು.

ಅದನ್ನು ಕೆಡಿಸಿದವರು ಲೀಲಮ್ಮನೇ. ನೋಯ್ಡಾದ ಕನ್ನಡದ ಹೆಣ್ಣುಮಕ್ಕಳ ಒಂದು ತಂಡವನ್ನು ಪಂದ್ಯಕ್ಕೆ ಕರೆದರು. ದಿಲ್ಲಿಯ ಕನ್ನಡ ಸಂಘದಲ್ಲಿ ಅಷ್ಟು ವರ್ಷ ಓಡಾಡಿದವರಿಗೆ ಮುಖ್ಯ ಅತಿಥಿಯಿಲ್ಲದ ಕಾರ್ಯಕ್ರಮವೆಂದರೆ ಉಪ್ಪಿಲ್ಲದ ಸಾರು. ಯಾರಿಗೂ ಹೇಳದೆ, ಅಚ್ಚರಿಯಾಗಲಿ ಎಂದು, ಚೌಪಾಲಿಗೆ ಹೋಗಿ ಊರಿನ ಮುಖಂಡ ಹರ್ಪಾಲ್ ಚೌಧರಿಯನ್ನೂ ಇನ್ನು ನಾಲ್ಕಾರು ಹಿರಿಯರನ್ನೂ ಆಹ್ವಾನಿಸಿದರು. ಓದಿದ ಮೇಡಂ ತಾವೇ ಬಂದು ಕರೆದರೆ ಇಲ್ಲವೆನ್ನುವುದು ಹೇಗೆ ಎಂದು ಅವರೂ ಬಂದರು. ಕುರ್ಚಿ ಹಾಕಿಸಿ, ಶಾಲು ಹೊದಿಸಿ, ಗಂಧದ ಹಾರ ಹಾಕಿ, ಹರ್ಪಾಲನ ತಲೆಯ ಮೇಲೆ ಮೈಸೂರು ಪೇಟ ಇಟ್ಟು, ಲೀಲಮ್ಮ ಆಟಗಾರ್ತಿಯರ ಕಡೆ ತಿರುಗಿದರು.

ಅಲ್ಲಿ ಒಂದೂ ಮುಖವಿರಲಿಲ್ಲ. ಎಲ್ಲ ಸೆರಗುಗಳೂ ಎದೆಯವರೆಗೆ ಇಳಿದಿದ್ದವು.

ಆ ಬಯಲಿನಲ್ಲಿ ದಿನವೂ ಅವರ ಮುಖಗಳನ್ನೇ ನೋಡುತ್ತಿದ್ದ ಲೀಲಮ್ಮನಿಗೆ ಅವರು ಮುಸುಕಿನವರೆಂಬುದೇ ಮರೆತುಹೋಗಿತ್ತು. ಬಿಮ್ಲೇಶ್ ಮಾತ್ರ, ಆಂಟಿಜಿಯ ಮರ್ಯಾದೆ ಹೋಗಬಾರದೆಂದು, ಮುಸುಕಿನೊಳಗಿಂದಲೇ ಚೆಂಡು ಎಸೆದಳು. ಅದು ಬಲೆಯ ಕಡೆ ಹೋಗಲಿಲ್ಲ. ನೇರವಾಗಿ ಹರ್ಪಾಲನ ಮಡಿಲಿಗೆ ಬಿತ್ತು. ಅವನು ಅದನ್ನು ಬೇರೆಯವರ ಮಗುವನ್ನು ಹಿಡಿದಂತೆ ಸ್ವಲ್ಪ ಹೊತ್ತು ಹಿಡಿದು ಕೂತ. ಆಮೇಲೆ ಎದ್ದು, ಚೆಂಡನ್ನು ಕುರ್ಚಿಯ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹೊರಟುಹೋದ. ಉಳಿದ ಹಿರಿಯರೂ ಹಿಂಬಾಲಿಸಿದರು. ಟ್ರ್ಯಾಕ್ ಪ್ಯಾಂಟು ತೊಟ್ಟು ಬಂದಿದ್ದ ನೋಯ್ಡಾದ ಹುಡುಗಿಯರು ಚಹಾ ಕುಡಿದು ವ್ಯಾನು ಹತ್ತಿದರು.

ಮರುದಿನ ಚೌಪಾಲಿನಿಂದ ಮಾತು ಬಂತು: ಇನ್ನು ಮೇಲೆ ಬೆರಣಿಯ ಕೆಲಸ ಬೆಳಗ್ಗೆಯೇ ಮುಗಿಯಲಿ. ಸೊಸೆಯರು ಬೆಳಗ್ಗೆ ಬಂದರು, ತಟ್ಟಿದರು, ಒಬ್ಬೊಬ್ಬರೇ ಮನೆಗೆ ಹೋದರು. ಬಲೆ ಗಾಳಿಗೆ ಜೋತುಬಿದ್ದಿತ್ತು.

"ಇದ್ದ ಒಂದು ಗಂಟೆಯನ್ನೂ ನಾನೇ ಕಿತ್ತುಕೊಂಡೆ ಕಣ್ರೀ," ಎಂದರು ಲೀಲಮ್ಮ.

"ಶಾಲು ವಾಪಸ್ ಕೇಳೋಣ್ವಾ?" ಎಂದರು ದಕ್ಷಿಣಾಮೂರ್ತಿ. ಹೆಂಡತಿ ನಗಲಿಲ್ಲವಾದ್ದರಿಂದ ಎದ್ದು ಹೋಗಿ ತಾವೇ ಕಾಫಿ ಮಾಡಿಕೊಂಡು ಬಂದರು. ಅದು ಅವರು ಅಪರೂಪಕ್ಕೆ ಮಾಡುತ್ತಿದ್ದ ಕೆಲಸ.

ಲೀಲಮ್ಮ ಸೀರೆ ಬದಲಿಸಿ, ಚೌಪಾಲಿಗೆ ಹೋಗಿ ತಪ್ಪು ನನ್ನದೆಂದು ಹೇಳಿಬರಲು ಸಿದ್ಧರಾಗುತ್ತಿದ್ದಾಗ ಬಿಮ್ಲೇಶ್ ಅತ್ತೆಯನ್ನು ಹುಕ್ಕಾ ಸಮೇತ ಕರೆದುಕೊಂಡು ಬಂದಳು. ಜಗಲಿಯಲ್ಲಿದ್ದ ದಕ್ಷಿಣಾಮೂರ್ತಿಯವರನ್ನು ಕಂಡು ಮುಸುಕೆಳೆದು, ಒಳಗೆ ಬಂದ ಮೇಲೆ ಸರಿಸಿದಳು.

"ನೀವು ಹೋಗಬೇಡಿ ಆಂಟಿಜಿ."

"ಯಾಕಮ್ಮ? ನಾನು ಕೇಳಿಕೊಂಡರೆ ಹರ್ಪಾಲ್‌ಜಿ ಇಲ್ಲ ಅನ್ನಲ್ಲ."

"ಅದಕ್ಕೇ ಬೇಡ. ನಿಮಗೆ ಚಹಾ ಕೊಟ್ಟು ಹೂಂ ಅಂತಾರೆ. ನಾಳೆ ನೀವಿಲ್ಲದೆ ಇದ್ದಾಗ ನಮಗೆ ಉಹೂಂ ಅಂತಾರೆ. ಆಮೇಲೆ?"

ಲೀಲಮ್ಮ ಕೂತುಬಿಟ್ಟರು. ಆಮೇಲೆ ಎಂಬುದನ್ನು ಅವರು ಯೋಚಿಸಿರಲೇ ಇಲ್ಲ.

ಬಿಮ್ಲೇಶ್ ಯೋಚಿಸಿದ್ದಳು. ಅವಳ ತವರು ದನೋರಾ, ಕಾಲುವೆಯ ಆಚೆಯ ಊರು. ಈ ಊರಿನ ಸೊಸೆಯರೆಲ್ಲ ಅಲ್ಲಿಗೆ ಹೋಗಿ ಆಡುವುದು. ಅಲ್ಲಿ ಇವರಿಗೆ ಮಾವಂದಿರಿಲ್ಲ, ಮುಸುಕೂ ಇಲ್ಲ. ಎದುರಿಗೆ ಆಡುವವರು ದನೋರಾದ ಹೆಣ್ಣುಮಕ್ಕಳು. ಅವರು ಆ ಊರಿನ ಮಕ್ಕಳಾದ್ದರಿಂದ ಅವರಿಗೂ ಮುಸುಕಿಲ್ಲ. ಇನ್ನೊಂದು ಸಲ ದನೋರಾದ ಸೊಸೆಯರು ಇಲ್ಲಿಗೆ ಬರಲಿ, ಇಲ್ಲಿಯ ಹೆಣ್ಣುಮಕ್ಕಳ ಜೊತೆ ಆಡಲಿ.

"ಮಗಳಾದವಳು ತನ್ನೂರಿನಲ್ಲಿ ಆಡಲಿ, ಸೊಸೆಯಾದವಳು ಹೊರಗೆ ಆಡಲಿ. ಯಾರ ಮರ್ಯಾದೆಗೆ ಏನಾಗುತ್ತೆ?" ಎಂದಳು ಬಿಮ್ಲೇಶ್.

"ಹರ್ಪಾಲನ ಹತ್ತಿರ ಯಾರು ಮಾತಾಡೋದು?" ಎಂದರು ಲೀಲಮ್ಮ.

ಭರ್ತೋ ಹುಕ್ಕಾದ ಕೊಳವೆಯನ್ನು ಬಾಯಿಂದ ತೆಗೆದಳು. "ಅವನು ನನಗೆ ಮೈದುನ. ನಾನು ಮದುವೆಯಾಗಿ ಬಂದಾಗ ಚಡ್ಡಿ ಇಲ್ಲದೆ ಓಡಾಡ್ತಿದ್ದ. ನನ್ನ ಮುಂದೆ ಅವನ ಮೀಸೆ ನಡೆಯೋದಿಲ್ಲ."

ಏನು ಮಾತಾಯಿತೆಂದು ಭರ್ತೋ ಪೂರ್ತಿಯಾಗಿ ಹೇಳಲಿಲ್ಲ. ಹರ್ಪಾಲ್ ಹರೆಯದಲ್ಲಿ ಕಬಡ್ಡಿಗೆಂದು ಊರೂರು ತಿರುಗುತ್ತಿದ್ದಾಗ ಮನೆಯಲ್ಲಿ ಗೊತ್ತಾಗದಂತೆ ರೊಟ್ಟಿ ಎತ್ತಿಟ್ಟವರು ಯಾರು ಎಂದು ಕೇಳಿದಳಂತೆ. ಹೆಂಗಸರು ಅಷ್ಟು ದೂರ ತಾವಷ್ಟೇ ಹೋಗುವುದು ಹೇಗೆ ಎಂದು ಅವನು ಕೇಳಿದ್ದಕ್ಕೆ, "ನಿನ್ನ ಟ್ರ್ಯಾಕ್ಟರ್ ಏನು ಮೊಟ್ಟೆ ಇಡ್ತಿದೆಯಾ?" ಎಂದಳಂತೆ.

ಹಾಗಾಗಿ ಟ್ರ್ಯಾಕ್ಟರು ಹೊರಟಿತು. ಹಿಂದಿನ ಟ್ರಾಲಿಯಲ್ಲಿ ಹುಲ್ಲಿನ ಮೇಲೆ ಸೊಸೆಯರು, ಭರ್ತೋ, ಲೀಲಮ್ಮ. ಓಡಿಸಿದವನು ಹರ್ಪಾಲನೇ. ಊರ ಗಡಿ ದಾಟುವವರೆಗೆ ಟ್ರಾಲಿಯಲ್ಲಿ ಮಾತಿರಲಿಲ್ಲ. ಆಮೇಲೆ ಮೆಲ್ಲಗೆ ಒಂದು ಹಾಡು ಶುರುವಾಯಿತು, ಮೇವು ಕೊಯ್ಯುವಾಗ ಹೇಳುತ್ತಿದ್ದ ಹಾಡು. ಹರ್ಪಾಲ್ ತಿರುಗಲಿಲ್ಲ, ಟ್ರ್ಯಾಕ್ಟರಿನ ವೇಗ ಸ್ವಲ್ಪ ಕಡಿಮೆಯಾಯಿತೆಂದು ಲೀಲಮ್ಮನಿಗೆ ಅನ್ನಿಸಿತು.

ದನೋರಾದ ಶಾಲೆಯ ಬಯಲು. ಮುಸುಕು ಎಳೆಯಬೇಕಾದ ಮಾವ ಅಲ್ಲಿ ಒಬ್ಬನೇ ಇದ್ದ, ಇವರನ್ನು ಕರೆತಂದವನು. ಸೊಸೆಯರು ಅವನ ಕಡೆ ನೋಡುತ್ತ ನಿಂತರು. ಹರ್ಪಾಲ್ ಬೇವಿನ ಮರದ ಕೆಳಗೆ ಮಂಚ ಎಳೆದುಕೊಂಡು, ಆಟದ ಬಯಲಿಗೆ ಬೆನ್ನು ಹಾಕಿ ಕೂತು, ಹುಕ್ಕಾ ಹೊತ್ತಿಸಿದ. ಬೆನ್ನು ತಿರುಗಿಸಿದವನ ಮುಂದೆ ಮುಸುಕಿಲ್ಲ. ಒಂದೊಂದೇ ಸೆರಗು ಸರಿದು ಸೊಂಟಕ್ಕೆ ಸೇರಿತು.

ಆಟ ಬಿರುಸಾಯಿತು. ಸ್ವಲ್ಪ ಹೊತ್ತಿನ ಮೇಲೆ ಹರ್ಪಾಲ್ ಬೇವಿನ ಮರವನ್ನು ನೋಡುತ್ತಲೇ, "ಭಾಭಿ, ಎಷ್ಟಾಯ್ತು?" ಎಂದು ಅತ್ತಿಗೆಯನ್ನು ಕೇಳಿದ.

"ಸೋಲ್ತಿದ್ದೇವೆ. ನೀನು ಹುಕ್ಕಾ ಎಳಿ."

ಇನ್ನೂ ಸ್ವಲ್ಪ ಹೊತ್ತಿಗೆ ಭರ್ತೋ ಎದ್ದು, ಅವನ ಎದುರಿಗೆ ನಿಂತಿದ್ದ ಟ್ರ್ಯಾಕ್ಟರಿನ ಹತ್ತಿರ ಹೋಗಿ ಅದರ ಕನ್ನಡಿಯನ್ನು ಆಕಾಶದ ಕಡೆ ತಿರುಗಿಸಿ ಬಂದಳು. ಹರ್ಪಾಲ್ ಕೆಮ್ಮಿದ. ಬಯಲಿನ ಆಚೆ ಈಚೆ ಎಲ್ಲರೂ ನಕ್ಕರು, ಅವನ ಬೆನ್ನೂ ಅಲುಗುತ್ತಿತ್ತು.

ಅಂದು ಹರ್ಸುಖ್‌ಪುರ ಸೋತಿತು. ಸೋತದ್ದು ಹೇಗೆಂದು ದಾರಿಯುದ್ದಕ್ಕೂ ಜಗಳವಾಡುತ್ತ ಬಂದರು. ಊರ ಗಡಿ ಬಂದಾಗ ಸೆರಗುಗಳು ಇಳಿದವು, ಜಗಳ ಮುಸುಕಿನೊಳಗೆ ಮುಂದುವರಿಯಿತು. ಮರುದಿನ ಸಂಜೆ ಬೆರಣಿ ಬಯಲಿನಲ್ಲಿ ಮತ್ತೆ ಬಲೆ ಬಿಗಿಯಿತು. ಚೌಪಾಲಿನಿಂದ ಯಾವ ಮಾತೂ ಬರಲಿಲ್ಲ.

ಲೀಲಮ್ಮ ಅಂದೇ ಕೊರಳಿನಲ್ಲಿದ್ದ ಸೀಟಿಯನ್ನು ತೆಗೆದು ಬಿಮ್ಲೇಶಳಿಗೆ ಕೊಟ್ಟರು. ಮುಂದಿನ ವರ್ಷಗಳಲ್ಲಿ ಅವರು ಬಯಲಿಗೆ ಹೋಗಿ ಕೂರುತ್ತಿದ್ದರು, ಕೇಳಿದರೆ ಹೇಳುತ್ತಿದ್ದರು, ಕೇಳದಿದ್ದರೆ ನಾಲಿಗೆ ಕಚ್ಚಿಕೊಂಡು ಸುಮ್ಮನಿರುತ್ತಿದ್ದರು. ಸುಮ್ಮನಿರುವುದು ಅವರಿಗೆ ಆಟಕ್ಕಿಂತ ಕಷ್ಟವಾಗಿತ್ತು. ಎಂಟನೆಯ ತರಗತಿಯ ಆಚೆಗೆ ಓದಬೇಕೆಂದರೆ ಊರಿನ ಹುಡುಗಿಯರು ದನೋರಾಕ್ಕೇ ಹೋಗಬೇಕಿತ್ತು. ಒಂಟಿ ದಾರಿಯೆಂದು ಮನೆಯವರು ಬಿಡಿಸುತ್ತಿದ್ದರು. ಆಡಲು ಹೋಗಿ ದಾರಿಯೂ ಮನೆಗಳೂ ಪರಿಚಯವಾಗಿದ್ದ ಸೊಸೆಯರು ಸರದಿಯ ಮೇಲೆ ಅವರನ್ನು ಕಾಲುವೆ ದಾಟಿಸಿ ಬರಲು ಶುರುಮಾಡಿದರು. ಅದು ಲೀಲಮ್ಮನ ಸಲಹೆಯಲ್ಲ. ಗೊತ್ತಾದಾಗ ಅವರು ದಕ್ಷಿಣಾಮೂರ್ತಿಗೆ ಎರಡು ಸಲ ಹೇಳಿದರು, ಮೊದಲ ಸಲ ಅವರು ಸರಿಯಾಗಿ ಕೇಳಿಸಿಕೊಳ್ಳಲಿಲ್ಲವೆಂದು.

ಎರಡು ಸಾವಿರದ ಎಂಟರಲ್ಲಿ ಲೀಲಮ್ಮನ ಶ್ವಾಸಕೋಶ ಕೈಕೊಟ್ಟಿತು. ನೋಯ್ಡಾದ ಆಸ್ಪತ್ರೆಯಿಂದ ಮರಳಿದವರಿಗೆ ಬಯಲಿನವರೆಗೆ ನಡೆಯಲಾಗಲಿಲ್ಲ. ಜಗಲಿಯಲ್ಲಿ ಕೂತರೆ ಕೆರೆಯ ಆಚೆಯಿಂದ ಸಂಜೆ ಸೀಟಿ ಕೇಳುತ್ತಿತ್ತು. ನಾನಿಲ್ಲದೆ ಇದು ನಿಲ್ಲುತ್ತದೆಯೇ, ನಡೆಯುತ್ತದೆಯೇ ಎಂಬುದೊಂದೇ ಅವರಿಗಿದ್ದ ಚಿಂತೆ. ಕಾಯಿಲೆಯ ಬಗ್ಗೆ ಅಷ್ಟು ಚಿಂತೆ ಮಾಡಿದ್ದನ್ನು ಯಾರೂ ಕಾಣಲಿಲ್ಲ.

ಒಂದು ಸಂಜೆ ಸೀಟಿ ಕೇಳಲಿಲ್ಲ.

"ನೋಡಿಕೊಂಡು ಬನ್ರೀ."

ದಕ್ಷಿಣಾಮೂರ್ತಿ ಕೆರೆಯ ಏರಿಯವರೆಗೆ ಹೋಗಿ, ದೂರದಿಂದ ಕೆಮ್ಮಿ, ನೋಡಿ ಬಂದರು. "ಯಾರೂ ಇಲ್ಲ ಲೀಲಾ. ಬಲೆಯೂ ಇಲ್ಲ."

ಲೀಲಮ್ಮ ರಸ್ತೆಯ ಕಡೆಗೇ ನೋಡುತ್ತ ಕೂತರು. ಕಾಫಿ ಆರಿತು. ದೀಪ ಹಚ್ಚುವ ಹೊತ್ತಿಗೆ ರಸ್ತೆಯಲ್ಲಿ ಟ್ರ್ಯಾಕ್ಟರಿನ ಸದ್ದು, ಅದರ ಮೇಲೆ ಹೆಂಗಸರ ಜಗಳದ ಸದ್ದು ಕೇಳಿತು. ಬಿಮ್ಲೇಶ್ ಇಳಿದು ಒಳಗೆ ಬಂದಳು, ಮೈತುಂಬ ಧೂಳು.

"ಗೆದ್ದೆವು ಆಂಟಿಜಿ. ಕಾಲುವೆ ತುದಿಯ ಊರಿನವರು ತಾವಾಗಿಯೇ ಕರೆದಿದ್ದರು. ಬಲೆಯನ್ನೂ ಇಲ್ಲಿಂದಲೇ ಒಯ್ದೆವು." ಆಮೇಲೆ ಅವಳ ಮುಖ ಸಣ್ಣದಾಯಿತು. "ನಿಮಗೆ ಹೇಳೋದು ಮರೆತೇಬಿಟ್ಟೆವು."

ಅವಳು ಹೋದ ಮೇಲೆ ಲೀಲಮ್ಮ ನಗಲು ಶುರುಮಾಡಿದರು. ಉಸಿರು ಹಿಡಿದುಕೊಂಡಿತು, ನಿಲ್ಲಿಸಿದರು, ಮತ್ತೆ ನಕ್ಕರು.

"ಮರೆತರಂತೆ ಕಣ್ರೀ, ನನ್ನನ್ನು."

"ಅದಕ್ಕೆ ಇಷ್ಟು ಖುಷಿಯಾ?"

"ಹೂಂ. ಇನ್ನೊಂದು ಲೋಟ ಕಾಫಿ ಮಾಡಿ, ಬಿಸಿಯಾಗಿ."

ಆ ಚಳಿಗಾಲದಲ್ಲಿ ಲೀಲಮ್ಮ ಹೋದರು, ನಿದ್ದೆಯಲ್ಲಿ. ಬೆಳಗ್ಗೆ ಮಂಜಿನ ನಡುವೆ ಊರಿನ ಸೊಸೆಯರು ಬಂದರು. ನಡುಮನೆಯಲ್ಲಿ ಹೆಂಡತಿಯನ್ನು ಮಲಗಿಸಿದ್ದ ಮಂಚದ ಪಕ್ಕದಲ್ಲಿ ದಕ್ಷಿಣಾಮೂರ್ತಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರನ್ನು ಕಂಡು ಹೆಂಗಸರು ಹೊಸ್ತಿಲಲ್ಲೇ ನಿಂತರು, ಎದೆಯವರೆಗೆ ಮುಸುಕು. ಅದರೊಳಗಿನಿಂದ ಲೀಲಮ್ಮನ ಮುಖ ಅವರಿಗೆ ಕಾಣಿಸುವಂತಿರಲಿಲ್ಲ.

ದಕ್ಷಿಣಾಮೂರ್ತಿ ಸ್ವಲ್ಪ ಹೊತ್ತು ಅವರನ್ನು ನೋಡಿದರು. ಆಮೇಲೆ ಎದ್ದು, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ, ಬೆನ್ನು ಹಾಕಿ ಕೂತರು. ಹಿಂದೆ ಬಳೆಗಳು ಸದ್ದು ಮಾಡಿದವು. ಒಂದೊಂದಾಗಿ ಸೆರಗುಗಳು ಸರಿದವು. ಬಿಮ್ಲೇಶ್ ಹತ್ತಿರ ಬಂದು ಕೂತದ್ದು ಅವರಿಗೆ ಗೊತ್ತಾಯಿತು, ಏಕೆಂದರೆ ಅವಳ ಕೊರಳಿನ ಸೀಟಿ ಮಂಚದ ಪಟ್ಟಿಗೆ ತಗುಲಿ ಸಣ್ಣದಾಗಿ ಟಣ್ ಎಂದಿತು.