ಜರಡಿಯಕ್ಕ ಮತ್ತು ಮೂರು ಸಲ ವಾಪಸಾದ ಮರಿ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಪ್ರಾಣಿಗಳ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಒಬ್ಬ ಹೆಂಗಸು ಬಕೆಟ್ಟನ್ನು ಬೋರಲು ಹಾಕಿಕೊಂಡು ಕೂತಿದ್ದಾರೆ. ಕೈಯಲ್ಲಿ ಜರಡಿ, ಜರಡಿಯಲ್ಲಿ ಕಾಗದದ ಪುಡಿ. ಎರಡೂ ಕೈ ಒಂದೇ ಹದದಲ್ಲಿ ಆಚೆ ಈಚೆ ಆಡುತ್ತವೆ. ನುಣುಪಾದದ್ದು ಕೆಳಗಿನ ಟ್ರೇಗೆ ಇಳಿಯುತ್ತದೆ, ಗಟ್ಟಿ ಕಾಳು ಮೇಲೆ ಉಳಿಯುತ್ತದೆ. ಐದು ವಾರದ ಬೆಕ್ಕಿನ ಮರಿಯೊಂದು ಟ್ರೇಯ ಅಂಚಿಗೆ ಮುಂಗಾಲಿಟ್ಟು ಮೂಸುತ್ತದೆ. ಹೆಂಗಸಿನ ಕೈ ತಟ್ಟನೆ ನಿಲ್ಲುತ್ತದೆ. ಮರಿ ಒಳಗೆ ಹತ್ತಿ, ಎರಡು ಸಲ ಕೆರೆದು, ಬಾಲವೆತ್ತಿ ಕೂತು, ಏನೋ ದೊಡ್ಡ ಯೋಚನೆಯಲ್ಲಿರುವವರಂತೆ ಗೋಡೆ ನೋಡತೊಡಗುತ್ತದೆ.

"ಶಭಾಷ್ ಪುಟ್ಟಾ!" ಎಂದು ಹೆಂಗಸು ಪಿಸುಗುಟ್ಟುತ್ತಾರೆ. ಎದ್ದು ಹೋಗಿ ಕಪಾಟಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುತ್ತಾರೆ.

ಆಸ್ಪತ್ರೆಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಜರಡಿಯಕ್ಕ ಎಂದೇ. ವಯಸ್ಸು ಐವತ್ತೊಂದು. ಬೀದಿಯಲ್ಲಿ, ಚರಂಡಿ ಪಕ್ಕದಲ್ಲಿ, ನಿಂತ ಕಾರಿನ ಅಡಿಯಲ್ಲಿ ಸಿಕ್ಕ ತಾಯಿಯಿಲ್ಲದ ಬೆಕ್ಕಿನ ಮರಿಗಳನ್ನು ಜನ ಇಲ್ಲಿಗೆ ತಂದು ಬಿಡುತ್ತಾರೆ. ಮೈ ತುಂಬಿಕೊಂಡ ಮೇಲೆ ಅವನ್ನು ಬೇಕೆಂದವರ ಮನೆಗೆ ಕೊಡುತ್ತಾರೆ. ಈ ನಡುವಿನ ಎರಡು ಮೂರು ತಿಂಗಳಲ್ಲಿ ಮರಿ ಕಲಿಯಲೇಬೇಕಾದ ಪಾಠ ಒಂದಿದೆ: ಒಂದಕ್ಕೂ ಎರಡಕ್ಕೂ ಟ್ರೇಗೇ ಹೋಗುವುದು. ಅದನ್ನು ಕಲಿಸುವವರು ಜರಡಿಯಕ್ಕ. ಇವತ್ತಿನ ಲೆಕ್ಕಕ್ಕೆ ಮರಿಗಳು ಇಪ್ಪತ್ತಮೂರು, ಟ್ರೇಗಳು ಹದಿನಾಲ್ಕು. ದಿನಕ್ಕೆ ನಾಲ್ಕು ಸಲ ಸೋಸುವುದು, ಒಂದು ಸಲ ಪೂರ್ತಿ ಬದಲಿಸಿ ತೊಳೆಯುವುದು.

"ಮರಿ ಎಷ್ಟು ಚೆನ್ನಾಗಿದೆ ಅಂತ ನೋಡಿ ಕರ್ಕೊಂಡು ಹೋಗ್ತಾರೆ. ಸೋಫಾ ಮೇಲೆ ಒಂದ್ಸಲ ಕೂತ್ಕೊಳ್ಲಿ, ಆ ಚೆಂದ ಎಲ್ಲ ಮರೆತು ಹೋಗುತ್ತೆ ಅವ್ರಿಗೆ," ಎಂದು ಅವರು ನಗುತ್ತಾರೆ.

ಈ ಕೆಲಸಕ್ಕೆ ಬರುವ ಮೊದಲು ಹದಿನೆಂಟು ವರ್ಷ ಅವರು ಮರಳು ಜರಡಿ ಹಿಡಿದವರು. ಕಟ್ಟಡದವರಿಗೆ ಮರಳು ಕೊಡುವ ಅಂಗಳವೊಂದರಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ನಿಂತು, ಗಾರೆಗೆ ಬೇರೆ, ಗೋಡೆಯ ಗಿಲಾವಿಗೆ ಬೇರೆ ಎಂದು ಸೋಸುತ್ತಿದ್ದರು. ಕಣ್ಣು ಮುಚ್ಚಿ ಹಿಡಿ ಮರಳು ಹಿಸುಕಿದರೆ ಅದರಲ್ಲಿ ಜೇಡಿಮಣ್ಣು ಎಷ್ಟಿದೆ ಎಂದು ಹೇಳಬಲ್ಲವರಾಗಿದ್ದರು. ಅಲ್ಲಿಂದ ತಂದದ್ದು ಎರಡು: ಬಲ ಮಣಿಕಟ್ಟಿನ ನೋವು, ಬಿಡದ ಒಣಕೆಮ್ಮು. ಯಂತ್ರದ ಜರಡಿ ಬಂದ ದಿನ ಹನ್ನೊಂದು ಹೆಂಗಸರನ್ನು ಒಟ್ಟಿಗೆ ಮನೆಗೆ ಕಳಿಸಿದರು. ಆಸ್ಪತ್ರೆಗೆ ಬಂದದ್ದು ನೆಲ ಒರೆಸಲು. ಮರಿಗಳ ಕೋಣೆ ಯಾರಿಗೂ ಬೇಡವಾಗಿತ್ತು. ಹೊಸಬರಾದ ಇವರ ತಲೆಗೆ ಕಟ್ಟಿದರು.

ಎರಡನೇ ವರ್ಷ ಒಂದು ಘಟನೆ ನಡೆಯಿತು. ಯಾರೋ ಪುಣ್ಯಾತ್ಮರು ಬೆಕ್ಕಿನ ಟ್ರೇಗೆ ಹಾಕುವ ಮಣ್ಣಿನ ಮೂಟೆಗಳನ್ನು ಪುಕ್ಕಟೆಯಾಗಿ ಕಳಿಸಿದ್ದರು. ಒದ್ದೆಯಾದ ಕೂಡಲೇ ಉಂಡೆಕಟ್ಟುವ ಬಗೆಯದು; ಎತ್ತಿ ಬಿಸಾಡಲು ಸುಲಭ. ಎಲ್ಲರಿಗೂ ಖುಷಿ. ವಾರ ಕಳೆಯುವಷ್ಟರಲ್ಲಿ ನಾಲ್ಕು ವಾರದ ಮರಿಯೊಂದು ಹೊಟ್ಟೆ ಉಬ್ಬಿಸಿಕೊಂಡು ಮಲಗಿತು. ಆಸ್ಪತ್ರೆಯ ಡಾಕ್ಟರಮ್ಮ ಎಷ್ಟು ಪಾಡುಪಟ್ಟರೂ ಅದು ಉಳಿಯಲಿಲ್ಲ.

ಜರಡಿಯಕ್ಕನಿಗೆ ಅನ್ನ ಸೇರಲಿಲ್ಲ. ಆ ಮರಿ ಟ್ರೇಯಲ್ಲಿ ನಿಂತು ಮಣ್ಣು ನೆಕ್ಕುತ್ತಿದ್ದುದನ್ನು ಅವರು ಕಂಡಿದ್ದರು. ಮರಿಗಳು ಎಲ್ಲವನ್ನೂ ಬಾಯಿಗೆ ಹಾಕಿ ನೋಡುತ್ತವಲ್ಲ, ಹಾಗೆಂದು ಸುಮ್ಮನಿದ್ದರು. ಮರುದಿನ ಒಂದು ಗಾಜಿನ ಲೋಟದಲ್ಲಿ ಆ ಮಣ್ಣನ್ನು ಎರಡು ಚಮಚ ಹಾಕಿ ನೀರು ಬಿಟ್ಟರು. ಅರ್ಧ ಗಂಟೆಯಲ್ಲಿ ಅದು ಉಬ್ಬಿ, ಅಂಟಂಟಾಗಿ, ಲೋಟದ ಅರ್ಧಕ್ಕೆ ಬಂತು. ಲೋಟ ಹಿಡಿದು ಡಾಕ್ಟರಮ್ಮನ ಮೇಜಿನ ಮುಂದೆ ನಿಂತರು.

"ಮರಳಲ್ಲಿ ಜೇಡಿ ಇದ್ರೆ ಹಿಂಗೇ ಆಗೋದು ಡಾಕ್ಟ್ರೇ. ಆ ಕೂಸಿನ ಹೊಟ್ಟೇಲೂ ಹಿಂಗೇ ಆಗಿರುತ್ತಲ್ವಾ?"

ಡಾಕ್ಟರಮ್ಮ ಲೋಟ ನೋಡಿದರು, ಎದ್ದರು, ಉಗ್ರಾಣಕ್ಕೆ ಹೋಗಿ ಮೂಟೆಗಳನ್ನು ತಾವೇ ಹೊರಗೆಳೆದರು. "ಪುಟ್ಟ ಮರಿಗಳಿಗೆ ಇದು ಆಗದು ಅಂತ ನಾನು ಓದಿದ್ದೆ. ಆದರೆ ಟ್ರೇಯಲ್ಲಿ ಏನು ಹಾಕ್ತಿದ್ದಾರೆ ಅಂತ ಒಂದು ದಿನವೂ ಬಗ್ಗಿ ನೋಡಿರಲಿಲ್ಲ," ಎಂದು ಡಾಕ್ಟರಮ್ಮ ಇವತ್ತಿಗೂ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಅಂದಿನಿಂದ ಟ್ರೇಗೆ ಏನು ಹಾಕಬೇಕು ಎಂಬ ಮಾತು ಜರಡಿಯಕ್ಕನದು.

ಅವರು ಅದನ್ನು ಹಟ ಹಿಡಿದು ಕಲಿತರು. ಮರದ ಹೊಟ್ಟು, ಸಣ್ಣ ಮರಳು, ಕಾಗದ ಅರೆದು ಒತ್ತಿ ಮಾಡಿದ ಕಾಳು, ಸುವಾಸನೆ ಬೆರೆಸಿದ ಪೊಟ್ಟಣ, ಎಲ್ಲವನ್ನೂ ಸಾಲಾಗಿ ಇಟ್ಟು ಬಕೆಟ್ಟಿನ ಮೇಲೆ ಕೂತು ನೋಡಿದರು. ಯಾವ ಮರಿ ಎಲ್ಲಿ ಹೋಯಿತೆಂಬುದಕ್ಕೆ ಕಪಾಟಿನ ಬಾಗಿಲೇ ಸಾಕ್ಷಿ. ಸುವಾಸನೆಯ ಟ್ರೇ ಪಕ್ಕ ಗೀಟುಗಳೇ ಇಲ್ಲ. "ಆ ಘಮಘಮ ನಮ್ಮ ಮೂಗಿಗೆ. ಅವಕ್ಕೆ ತಲೆನೋವು," ಎನ್ನುತ್ತಾರೆ. ಹೊಟ್ಟು ಪರವಾಗಿಲ್ಲ, ಆದರೆ ದೂಳೆದ್ದರೆ ಮರಿಗಳು ಸೀನುತ್ತವೆ. "ದೂಳು ಏನು ಮಾಡುತ್ತೆ ಅಂತ ನನ್ನ ಎದೆ ಕೇಳಿ, ಹೇಳುತ್ತೆ." ಕಡೆಗೆ ಆರಿಸಿದ್ದು ಕಾಗದದ ಕಾಳನ್ನು: ದೂಳಿಲ್ಲ, ವಾಸನೆಯಿಲ್ಲ, ಚೂರುಪಾರು ನೆಕ್ಕಿದರೂ ಹೊಟ್ಟೆಯಲ್ಲಿ ಉಬ್ಬಿ ಗಟ್ಟಿಯಾಗುವುದಿಲ್ಲ. ಟ್ರೇಯ ಅಂಚು ಮರಿಯ ಮೊಣಕಾಲಿಗಿಂತ ಎತ್ತರವಿರಬಾರದು, ಊಟದ ತಟ್ಟೆಯಿಂದ ದೂರವಿರಬೇಕು. "ನಾವು ಬಚ್ಚಲಲ್ಲಿ ಕೂತು ಉಣ್ತೀವಾ?"

ಮನೆಯಲ್ಲಿ ಟೈಲರ್ ಕೆಲಸ ಮಾಡುವ ಯಜಮಾನರು ಹೊಲಿಗೆ ಮೆಷಿನ್ನಿಂದ ತಲೆಯೆತ್ತದೆ ದೂರುತ್ತಾರೆ: "ಸಾರಿಗೆ ಎರಡು ಸಲ ಉಪ್ಪು ಹಾಕಿದ್ದು ಇವ್ಳಿಗೆ ನೆನಪಿರಲ್ಲ. ಯಾವ ಬೆಕ್ಕು ಯಾವತ್ತು ಎಲ್ಲಿ ಕೂತ್ಕೊಂಡಿತ್ತು ಅಂತ ಕೇಳಿ, ಪಟಪಟ ಅಂತ ಒಪ್ಪಿಸ್ತಾಳೆ."

ಹೀಗೆ ಎಲ್ಲ ಕಲಿತೆನೆಂದುಕೊಂಡಿರುವಾಗ ಕಳೆದ ವರ್ಷ ಬಂದಳು ವಾಪಸಿ. ಬೂದಿಬಣ್ಣದ ಹೆಣ್ಣುಮರಿ, ಒಂದು ಕಿವಿಯ ತುದಿ ಬಿಳಿ. ತಂದಾಗಲೇ ಮೈ ತುಂಬಿಕೊಂಡಿದ್ದರಿಂದ ಅಕ್ಕನ ಪಾಠವಿಲ್ಲದೆ ನೇರ ಮನೆಗೆ ಕೊಟ್ಟಿದ್ದರು. ಮೂರು ಮನೆಗಳಿಗೆ ಹೋಗಿ ಮೂರು ಸಲವೂ ವಾಪಸು ಬಂದದ್ದರಿಂದ ಆ ಹೆಸರು ಅಂಟಿತ್ತು. ಹಾಸಿಗೆ, ದಿಂಬು, ಇಸ್ತ್ರಿ ಮಾಡಿ ಮಡಿಸಿಟ್ಟ ಬಟ್ಟೆ, ಎಲ್ಲೆಂದರಲ್ಲಿ ಕೂರುವುದು. ಟ್ರೇಗೆ ಮಾತ್ರ ಕಾಲಿಡದು. ಮೂರನೇ ಮನೆಯವರು ಬುಟ್ಟಿಯನ್ನು ಮೇಜಿನ ಮೇಲಿಟ್ಟು ಹೊರಟುಹೋಗಿದ್ದರು. ಮೂರು ಸಲ ವಾಪಸಾದ ಮರಿಯನ್ನು ಮತ್ತೆ ಮನೆಗೆ ಕೊಡುವಂತಿಲ್ಲ ಎಂಬುದು ಆಸ್ಪತ್ರೆಯ ನಿಯಮ. ಅದು ಬೆಳೆದ ಬೆಕ್ಕುಗಳನ್ನು ಒಟ್ಟಿಗೆ ಬಿಟ್ಟಿರುವ ಊರಾಚೆಯ ಆವರಣಕ್ಕೆ ಹೋಗಬೇಕು. ಅಲ್ಲಿ ಮೂರು ತಿಂಗಳ ಮರಿಗೆ ತುತ್ತು ಸಿಗುವುದೇ ಕಷ್ಟ.

"ಹನ್ನೆರಡು ದಿನ ಕೊಡಿ ಡಾಕ್ಟ್ರೇ," ಎಂದು ಜರಡಿಯಕ್ಕ ಕೇಳಿಕೊಂಡರು. "ಅದು ಮೊಂಡು ಹಟ ಮಾಡ್ತಿಲ್ಲ. ಅದಕ್ಕೆ ಏನೋ ಗೊತ್ತಾಗ್ತಿಲ್ಲ."

ಮೊದಲ ಮೂರು ದಿನ ಐದು ಬಗೆಯ ಟ್ರೇ ಇಟ್ಟು ಕಾದರು. ವಾಪಸಿ ಒಂದೊಂದನ್ನೂ ಮೂಸಿ, ಬಂದು ಅಕ್ಕ ಬಿಚ್ಚಿಟ್ಟಿದ್ದ ಸ್ವೆಟರಿನ ಮೇಲೆ ಕೂತು ಒದ್ದೆ ಮಾಡಿದಳು. ಬೇರೆಯವರಾಗಿದ್ದರೆ ಬೈಯುತ್ತಿದ್ದರು, ಅಕ್ಕ ಬಗ್ಗಿ ನೋಡಿದರು. ಕೂರುವ ಮೊದಲು ಅವಳು ಸ್ವೆಟರನ್ನು ಚೆನ್ನಾಗಿ ಕೆರೆದಿದ್ದಳು, ಆಮೇಲೆ ಮುಚ್ಚುವಂತೆ ಮತ್ತೆ ಕೆರೆದಳು. ಅಂದರೆ ಕ್ರಮ ಗೊತ್ತಿದೆ, ಜಾಗ ಗೊತ್ತಿಲ್ಲ. ಹಾಗಾದರೆ ಇದು ಹುಟ್ಟಿದ್ದೆಲ್ಲಿ?

ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಹುಡುಗಿಯನ್ನು ಕಾಡಿ, ಮರಿ ತಂದವರ ವಿಳಾಸ ಬರೆಸಿಕೊಂಡರು. ರಜೆಯ ದಿನ ಎರಡು ಬಸ್ಸು ಬದಲಿಸಿ ಹುಡುಕಿಕೊಂಡು ಹೋದರೆ, ಅದೊಂದು ಹಾಸಿಗೆ ಅಂಗಡಿ. ಹಾಸಿಗೆಯವರು ಮೈತುಂಬ ಹತ್ತಿಯ ಎಳೆ ಅಂಟಿಸಿಕೊಂಡೇ ಹೊರಗೆ ಬಂದರು.

"ಓ, ಆ ಬೂದಿ ಮರಿಯಾ? ಹಿಂದ್ಗಡೆ ಕೋಣೇಲಿ ಹತ್ತಿ ರಾಶಿ ಮೇಲೇ ತಾಯಿ ಮರಿ ಹಾಕಿತ್ತು. ಎರಡು ತಿಂಗ್ಳು ಅಲ್ಲೇ ಇದ್ದವು. ತಾಯಿ ಒಂದಿನ ಹೋಗಿದ್ದು ಬರ್ಲೇ ಇಲ್ಲ. ಯಾಕಮ್ಮ, ಏನಾಯ್ತು?"

"ನೆಲಕ್ಕೆ ಇಳೀತಿತ್ತಾ?"

"ಎಲ್ಲಿಂದ ಬಂತು! ನೆಲ ಅಂದ್ರೆ ಏನು ಅಂತ್ಲೇ ಅದಕ್ಕೆ ಗೊತ್ತಿರ್ಲಿಕ್ಕಿಲ್ಲ."

ಜರಡಿಯಕ್ಕ ಅಂಗಡಿಯ ಮೆಟ್ಟಿಲ ಮೇಲೆಯೇ ಕೂತು ನಕ್ಕುಬಿಟ್ಟರಂತೆ. "ಪಾಪ, ಅದರ ಲೆಕ್ಕದಲ್ಲಿ ಅದು ಸರಿಯಾದ ಜಾಗಕ್ಕೇ ಹೋಗ್ತಿತ್ತು! ನಾವೇ ಅದಕ್ಕೆ ಕಲ್ಲಿನ ಮೇಲೆ ಕೂರು ಅಂತ ಜುಲುಮೆ ಮಾಡ್ತಿದ್ವಿ."

ಹಾಸಿಗೆಯವರು ಹಾಸಿಗೆಗೆ ಬಾರದ ಕಸರು ಹತ್ತಿಯನ್ನು ಒಂದು ಚೀಲ ಕಟ್ಟಿಕೊಟ್ಟರು. ಮಾರನೆಯ ಬೆಳಿಗ್ಗೆ ಟ್ರೇಗೆ ಹತ್ತಿ ಹರಡಿದ್ದೇ ತಡ, ವಾಪಸಿ ನೆಟ್ಟಗೆ ನಡೆದು ಬಂದು ಕೂತಳು. ಕಪಾಟಿನ ಬಾಗಿಲ ಮೇಲೆ ಅವಳ ಮೊದಲ ಗೀಟು. ಆದರೆ ದಿನವೂ ಹತ್ತಿ ಹಾಕುವ ಮನೆ ಎಲ್ಲಿದೆ? ಹತ್ತಿಗೆ ಒಂದು ಹಿಡಿ ಕಾಗದದ ಕಾಳು ಬೆರೆಸಿದರು, ಮರುದಿನ ಎರಡು ಹಿಡಿ. ಎಂಟನೇ ದಿನ, ಅರ್ಧಕ್ಕರ್ಧ ಆದಾಗ, ವಾಪಸಿ ಪಾದ ಒದರಿ ಹೊರಗೆ ಹಾರಿದಳು. ಒಂಬತ್ತನೇ ದಿನವೂ ಅಷ್ಟೇ. ಡಾಕ್ಟರಮ್ಮ ಆವರಣಕ್ಕೆ ಫೋನ್ ಮಾಡಿ ಜಾಗ ಕೇಳಿಟ್ಟರು.

ಆವತ್ತು ಜರಡಿಯಕ್ಕ ಚಪ್ಪಲಿ ಬಿಟ್ಟು ಟ್ರೇಯೊಳಗೆ ಬರಿಗಾಲಿಟ್ಟು ನಿಂತರು. ಕಾಳು ಪಾದಕ್ಕೆ ಚುಚ್ಚಿತು. "ನನ್ನ ಒಡೆದ ಹಿಮ್ಮಡಿಗೇ ಚುಚ್ಚುತ್ತೆ. ಅದರ ಪಾದ ಹೂವಿನ ಹಾಗಿದೆ." ಕಾಳನ್ನು ನೀರಲ್ಲಿ ನೆನೆಸಿದರು; ಅದು ಬಿಚ್ಚಿಕೊಂಡು ಮೆತ್ತಗಾಯಿತು. ಬಿಸಿಲಿಗೆ ಹರಡಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ, ಮನೆಯಿಂದ ತಂದ ಜರಡಿಯಲ್ಲಿ ಸೋಸಿದರು. ಕೈಗೆ ಹತ್ತಿಯ ಹಾಗೆಯೇ ಹಗುರವಾದ ಪುಡಿ. ಹನ್ನೊಂದನೇ ದಿನ ಬೆಳಿಗ್ಗೆ ವಾಪಸಿ ಅದನ್ನು ಮೂಸಿದಳು, ಒಂದು ಕಾಲಿಟ್ಟಳು, ತೆಗೆದಳು, ಮತ್ತೆ ಇಟ್ಟಳು. ಆಮೇಲೆ ನಾಲ್ಕೂ.

"ಉಸಿರಾಡೋಕೂ ಭಯ ಆಗಿತ್ತು ನಂಗೆ. ಕೆಮ್ಮು ಬಂದ್ರೆ ಹೆದ್ರಿ ಓಡುತ್ತೆ ಅಂತ ಸೆರಗು ಬಾಯಿಗೆ ತುರುಕ್ಕೊಂಡಿದ್ದೆ. ಎಲ್ಲಾ ಮುಗಿಸಿ ಮುಚ್ಚಿತಲ್ಲ, ಕಣ್ಣಲ್ಲಿ ನೀರು ಬಂತು. ಬೆಕ್ಕಿನ ಕಕ್ಕಸು ನೋಡಿ ಅತ್ತೋಳು ಅಂತ ಬರೀಬೇಡಿ ಮತ್ತೆ!"

ನಿಯಮ ಮುರಿದು ವಾಪಸಿಯನ್ನು ನಾಲ್ಕನೇ ಸಲ ಮನೆಗೆ ಕೊಟ್ಟರು. ತೆಗೆದುಕೊಂಡವರು ಶಾಲೆಯ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಮೇಡಂ. ಅವರ ಕೈಗೆ ಜರಡಿಯಕ್ಕ ಒಂದು ಚೀಲ ಪುಡಿ ಕೊಟ್ಟು, ಎಷ್ಟು ದಪ್ಪ ಹರಡಬೇಕು, ಮೊದಲ ದಿನ ಹಳೆಯ ಟ್ರೇಯ ಪುಡಿ ಎಷ್ಟು ಬೆರೆಸಬೇಕು ಎಂದು ಹೇಳಿಕೊಟ್ಟು, ಅವರ ಬಾಯಿಂದ ಎರಡೆರಡು ಸಲ ಒಪ್ಪಿಸಿಕೊಂಡರು. ಒಂದು ವಾರ ಫೋನ್ ಗಣಗಣಿಸಿದಾಗಲೆಲ್ಲ ಜರಡಿಯಕ್ಕ ಜರಡಿ ಬಿಟ್ಟು ಓಡಿ ಬರುತ್ತಿದ್ದರು. ಎಂಟನೇ ದಿನ ಮೇಡಂ ಫೋನ್ ಮಾಡಿದರು. ಪುಡಿ ಮುಗಿದಿದೆ, ಇನ್ನೊಂದು ಚೀಲ ಸಿಗಬಹುದೇ ಎಂದು ಕೇಳಲು, ಅಷ್ಟೇ.

ಈಗ ಆಸ್ಪತ್ರೆಯ ಅರ್ಜಿಯಲ್ಲಿ ಒಂದು ಹೊಸ ಸಾಲು ಸೇರಿದೆ: "ಮರಿ ಎಲ್ಲಿ, ಯಾವುದರ ಮೇಲೆ ಸಿಕ್ಕಿತು?" ಯಾವ ಮರಿಯೂ ತನ್ನ ಟ್ರೇಯ ಪುಡಿಯಿಲ್ಲದೆ ಹೊರಡುವುದಿಲ್ಲ. ವಾಪಸು ಬರುವ ಮರಿಗಳು ವರ್ಷಕ್ಕೆ ಇಪ್ಪತ್ತರಿಂದ ಮೂರಕ್ಕೆ ಇಳಿದಿವೆ ಎಂದು ಡಾಕ್ಟರಮ್ಮ ಹೇಳುತ್ತಾರೆ. ಜರಡಿಯಕ್ಕನಿಗೆ ಆ ಮೂರರದ್ದೇ ಚಿಂತೆ.

ಮರಿ ಕೊಂಡೊಯ್ದವರು ಫೋಟೋ ಕಳಿಸುತ್ತಾರೆ. ಕಿಟಕಿಯಲ್ಲಿ ಕೂತ ಬೆಕ್ಕು, ಕೊರಳಿಗೆ ರಿಬ್ಬನ್ ಕಟ್ಟಿದ ಬೆಕ್ಕು. ಎಲ್ಲವನ್ನೂ ನೋಡಿ ಖುಷಿಪಡುತ್ತಾರೆ, ಆದರೆ ಅವರ ಆಸೆ ಬೇರೆ.

"ಒಂದ್ಸಲ ಆ ಮೇಡಂ ಮನೆಗೆ ಹೋಗ್ಬೇಕು. ಫೋಟೋದಲ್ಲಿ ಎಲ್ಲ ಬೆಕ್ಕೂ ಚೆನ್ನಾಗೇ ಕಾಣ್ತಾವೆ. ನಾನು ವಾಪಸಿ ಟ್ರೇ ನೋಡ್ಬೇಕು," ಎನ್ನುತ್ತ ಜರಡಿಯಕ್ಕ ಜರಡಿ ಕೈಗೆತ್ತಿಕೊಳ್ಳುತ್ತಾರೆ. "ಅದು ಅಲ್ಲಿ ನೆಮ್ಮದಿಯಾಗಿದೆಯೋ ಇಲ್ವೋ ಅಂತ ಟ್ರೇ ನೋಡಿದ್ರೆ ನಂಗೆ ಗೊತ್ತಾಗ್ಬಿಡುತ್ತೆ."