ಅತ್ತೆಯ ಏರಿಗೆ ತಕ್ಕ ಹಲ್ಲು

ಪೇಟೆಯಿಂದ ಲಾ ಮೋರಾ ಹಳ್ಳಿಗೆ ಹೋಗುವ ದಾರಿಯಲ್ಲಿ ಒಂದು ಏರು ಇತ್ತು. ಅದರ ಹೆಸರು ಅತ್ತೆ. ಹೆಸರಿಟ್ಟವರು ಯಾರೋ ಅನುಭವಸ್ಥರೇ ಇರಬೇಕು. ಹೊಳೆಯವರೆಗೂ ನಗುನಗುತ್ತ ಬರುವ ದಾರಿ, ಹೊಳೆ ದಾಟಿದ್ದೇ ತಡ, ಕಲ್ಲು, ಕೆಸರು, ತಿರುವು ಎಲ್ಲವನ್ನೂ ಒಟ್ಟಿಗೆ ಮುಂದಿಟ್ಟು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಲ್ಲುತ್ತಿತ್ತು.

ಆ ಏರನ್ನು ದಿನವೂ ಹತ್ತುತ್ತಿದ್ದವಳು ಇಸ್ಮೇನಿಯಾ. ಅವಳ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಇದ್ದದ್ದು ಒಬ್ಬ ಮಗಳು ಮತ್ತು ನಾಲ್ಕೂ ಚಕ್ರ ಎಳೆಯುವ ಒಂದು ಹಳೇ ವಿಲ್ಲಿಸ್ ಜೀಪುಗಾಡಿ. ಒಂದನ್ನು ಇನ್ನೊಂದಕ್ಕೆ ಒಪ್ಪಿಸಿ ಅವನು ಕಣ್ಣು ಮುಚ್ಚಿದ. ಗಾಡಿ ಮಾರಿ ಹೊಲಿಗೆ ಮಿಷನ್ ಕೊಂಡುಕೋ ಎಂದು ಪಾದ್ರಿಗಳು ಬುದ್ಧಿ ಹೇಳಿದರು. ಇಸ್ಮೇನಿಯಾ ಹೊಲಿಗೆ ಮಿಷನ್ನನ್ನು ಹಳ್ಳಿಗೆ ತಂದದ್ದು ನಿಜ. ಆದರೆ ಅದು ಬೇರೊಬ್ಬಳದು, ಇವಳಿಗೆ ಬಂದದ್ದು ಬರೀ ಬಾಡಿಗೆ. ಹಾಗೆಯೇ ಬೆಲ್ಲ, ಕಾಫಿ, ಹಂದಿಮರಿ, ಮದುಮಗಳು, ಶವದ ಪೆಟ್ಟಿಗೆ ಎಲ್ಲವನ್ನೂ ಹೊತ್ತಳು. ನಲವತ್ತು ದಾಟಿದರೂ ಮದುವೆಯಾಗಲಿಲ್ಲ. ಅವಳು ವಿಲ್ಲಿಸನ್ನೇ ಕಟ್ಟಿಕೊಂಡಿದ್ದಾಳೆ ಎಂದು ಜನ ಆಡಿಕೊಳ್ಳುತ್ತಿದ್ದರು.

ಜನಕ್ಕೆ ಕಣ್ಣಿತ್ತು, ನೋಟವಿರಲಿಲ್ಲ. ಶನಿವಾರ ಸಂತೆ ಮುಗಿಸಿ ಅವಳು ಹೊಳೆ ದಾಟುವ ಹೊತ್ತಿಗೆ ಸರಿಯಾಗಿ ಎವೇಲಿಯೊ ತನ್ನ ಹೇಸರಗತ್ತೆಯ ಹಗ್ಗ ಹಿಡಿದು ಏರಿನ ಬುಡದಲ್ಲಿರುತ್ತಿದ್ದ. ಗಾಡಿ ಹೋಗದ ತೋಟಗಳಿಗೆ ಸಾಮಾನು ಹೊರುವ ಕಸುಬು ಅವನದು. ತುಂಬಿದ ಗಾಡಿ ಅತ್ತೆಯನ್ನು ಹತ್ತುವುದಕ್ಕೂ ಹೇಸರಗತ್ತೆ ಹತ್ತುವುದಕ್ಕೂ ಒಂದೇ ವೇಗ. ಎವೇಲಿಯೊ ಒಂದು ಕೈಯನ್ನು ಅವಳ ಬಾಗಿಲಿನ ಮೇಲಿಟ್ಟು ಪಕ್ಕದಲ್ಲೇ ನಡೆಯುವನು. ಹುರುಳಿಕಾಯಿಗೆ ಹಿಡಿದ ಹುಳ, ಪಾದ್ರಿಗಳ ನಾಯಿ, ರಾತ್ರಿ ಬಿದ್ದ ಕನಸು, ಎಲ್ಲ ಮಾತಾಗಿ ಏರು ಮುಗಿಯುವುದು. ಮೇಲೆ ಅವನು ಟೊಪ್ಪಿ ಮುಟ್ಟಿ ಎಡಕ್ಕೆ, ಅವಳು ಬಲಕ್ಕೆ. ಹೇಳಬೇಕಾದ ಮಾತೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವರು ವರ್ಷಗಟ್ಟಲೆ ಹೇಳಿಕೊಂಡಿದ್ದರು.

ಒಂದು ದಿನ ಗಾಡಿಯ ಹಿಂದಿನ ಆಕ್ಸಲ್‌ನೊಳಗೆ ಲಟಲಟ ಸದ್ದಾಗಿ ಕ್ರೌನ್ ಎಂಬ ಹಲ್ಲುಗಾಲಿಯ ಹಲ್ಲು ಮುರಿಯಿತು. ಪೇಟೆಯ ಮೆಕ್ಯಾನಿಕ್ ತಿಬೇರಿಯೊ ಬಿಚ್ಚಿ ನೋಡಿದ. ಆ ವರ್ಷ ತಾನೇ ಪೇಟೆಯಿಂದ ಹೊಳೆಯವರೆಗೆ ಟಾರು ಬಿದ್ದಿತ್ತು. ದೊಡ್ಡ ಕ್ರೌನು, ಅದನ್ನು ತಿರುಗಿಸುವ ಪುಟ್ಟ ಪಿನಿಯನ್ನು, ಈಗ ಇರುವ ಈ ಜೋಡಿ ಗಿಡ್ಡದ್ದು, ಚಕ್ರ ಒಂದು ಸುತ್ತು ಸುತ್ತಲು ಶಾಫ್ಟ್ ಐದು ಸುತ್ತಿಗೂ ಹೆಚ್ಚು ತಿರುಗಬೇಕು, ಬಲವೇನೋ ಇದೆ, ಓಟವಿಲ್ಲ ಎಂದ. ತನ್ನ ಹತ್ತಿರ ಉದ್ದ ಜೋಡಿ ಇದೆ, ನಾಲ್ಕು ಸುತ್ತಿಗೆ ಚಕ್ರ ಒಂದು ಸುತ್ತು ಮುಗಿಸುತ್ತದೆ, ಟಾರಿನ ಮೇಲೆ ಬಸ್ಸನ್ನೇ ಹಿಂದಿಕ್ಕಬಹುದು. ಗಿಡ್ಡದ್ದೇ ಬೇಕೆಂದರೆ ಹುಡುಕಬೇಕು, ಯಾವಾಗ ಸಿಕ್ಕೀತೋ.

ಹಿಂದೆ ಉದ್ದದ್ದು ಹಾಕಿ ಮುಂದೆ ಗಿಡ್ಡದ್ದನ್ನೇ ಬಿಡಬಹುದಲ್ಲ, ಓಟಕ್ಕೂ ಆಯಿತು ಏರಿಗೂ ಆಯಿತು ಎಂದು ಇಸ್ಮೇನಿಯಾ ಜಾಣತನ ತೋರಿಸಿದಳು. ತಿಬೇರಿಯೊ ಪಾನೆ ಕೆಳಗಿಟ್ಟ.

"ಒಂದೇ ನೊಗಕ್ಕೆ ಎಮ್ಮೆನೂ ಕುದುರೆನೂ ಕಟ್ತೀರಾ? ಹಿಂದಿನ ಚಕ್ರ ನಡಿ ಅನ್ನುತ್ತೆ, ಮುಂದಿನದು ತಡಿ ಅನ್ನುತ್ತೆ. ಕೆಸರಲ್ಲಿ ಹೇಗೋ ಜಾರಿಕೊಂಡು ಹೋಗುತ್ತೆ, ಒಣಕಲ್ಲಿನ ಮೇಲೆ ಒಂದನ್ನೊಂದು ಮುರ್ಕೊಂಡು ಕೂರುತ್ತೆ. ಬದಲಾಯಿಸಿದ್ರೆ ಎರಡೂ, ಇಲ್ಲಾಂದ್ರೆ ಯಾವುದೂ ಇಲ್ಲ."

ಅಲ್ಲಿದ್ದವರೆಲ್ಲ ಉದ್ದದ್ದನ್ನೇ ಹಾಕಿಸು ಎಂದರು. ಸಂತೆಯ ಹೆಂಗಸರು ಬೇಗ ಮನೆ ಸೇರಿ ಒಲೆ ಹಚ್ಚಬಹುದು ಎಂದರು. ಇಸ್ಮೇನಿಯಾಳಿಗೆ ಬೇಡ ಎನ್ನಲು ಕಾರಣ ಇತ್ತು, ಬಾಯಿ ಇರಲಿಲ್ಲ. ಒಬ್ಬ ಗಂಡಸಿನ ನಡಿಗೆಗೆ ಹೊಂದುವ ಹಲ್ಲು ಬೇಕು ಎಂದರೆ ಪೇಟೆ ನಗದೆ ಬಿಟ್ಟೀತೇ? ಎರಡೂ ಕಡೆ ಹಾಕಿ ಎಂದಳು.

ಟಾರಿನ ಮೇಲೆ ಗಾಡಿ ಹಾರಿತು, ಸುಳ್ಳಲ್ಲ. ಹೊಳೆಯ ಹತ್ತಿರ ಎವೇಲಿಯೊ ಎಂದಿನಂತೆ ಕಾಯುತ್ತಿದ್ದ, ಬಾಗಿಲಿನ ಮೇಲೆ ಕೈಯನ್ನೂ ಇಟ್ಟ. ಆದರೆ ಉದ್ದ ಜೋಡಿಗೆ ನಿಧಾನದಲ್ಲಿ ಬಲವಿಲ್ಲ. ರಭಸದಿಂದ ನುಗ್ಗದಿದ್ದರೆ ಇಂಜಿನ್ನು ಉಸಿರುಗಟ್ಟಿ ನಿಲ್ಲುತ್ತದೆ. ಅವಳು ಒತ್ತಿದಳು. ಅವನು ನಾಲ್ಕು ಹೆಜ್ಜೆ ಓಡಿ ಕೈಬಿಟ್ಟ. ಕನ್ನಡಿಯಲ್ಲಿ ಅವನೂ ಹೇಸರಗತ್ತೆಯೂ ಚಿಕ್ಕದಾಗುತ್ತ ಹೋದರು. ಮೇಲೆ ಮುಟ್ಟಿದಾಗ ಕ್ಲಚ್ಚು ಸುಟ್ಟ ವಾಸನೆ ಹೊಡೆಯುತ್ತಿತ್ತು. ಹೊತ್ತು ಬೇಕಾದಷ್ಟು ಉಳಿದಿತ್ತು, ಮಾಡುವುದೇನೆಂದು ತಿಳಿಯಲಿಲ್ಲ.

ಮುಂದಿನ ಶನಿವಾರವೂ ಹಾಗೆಯೇ ಆಯಿತು. ಅದರ ಮುಂದಿನ ಶನಿವಾರ ಏರಿನ ಬುಡದಲ್ಲಿ ಯಾರೂ ಇರಲಿಲ್ಲ. ಎವೇಲಿಯೊ ಈಗ ಕಾಡಿನ ಕಾಲುದಾರಿ ಹಿಡಿದಿದ್ದಾನೆ, ಆ ಹೆಂಗಸಿಗೆ ನನ್ನ ಮಾತು ಸಾಕಾಗಿರಬೇಕು ಎಂದನಂತೆ ಎಂದು, ಸಂತೆಗೆ ಬರುತ್ತಿದ್ದ ಮುದುಕಿ ದೋನ್ಯಾ ರೆಸ್ಫಾ ಗಾಡಿಯೊಳಗಿನ ಮೂಟೆಯ ಮೇಲೆ ಕುಳಿತೇ ಸುದ್ದಿ ಹೇಳಿದಳು. ಇಸ್ಮೇನಿಯಾಳ ಎದೆಯಲ್ಲಿ ಏನೋ ಕಳಚಿತು. ಅಂದು ಬೆಲ್ಲದ ನೀರನ್ನೂ ಕುಡಿಯದೆ ಹಾಗೇ ಬಿಟ್ಟಳು.

ಸೋಮವಾರ ಬೆಳಿಗ್ಗೆಯೇ ಅವಳು ತಿಬೇರಿಯೊನ ಮುಂದೆ ನಿಂತಳು. ಗಿಡ್ಡ ಜೋಡಿ ಎಲ್ಲಿದ್ದರೂ ಹುಡುಕಿಸಬೇಕು, ಬಿಚ್ಚಿಟ್ಟ ಮುಂದಿನದು ಹೇಗೂ ಇಲ್ಲೇ ಇದೆಯಲ್ಲ, ಹಿಂದಿನದು ಸಿಕ್ಕರೆ ಸಾಕು ಎಂದಳು. ನುಂಗಿದ ಮೇಲೆ ರುಚಿ ಕೇಳುತ್ತೀರಲ್ಲ ಎಂದು ಅವನು ಕೆಣಕಿದ. ಕ್ಲಚ್ಚು ಸುಡುತ್ತಿದೆ ಎಂದಳು.

"ಕ್ಲಚ್ಚು. ಹೌದು, ಹೌದು, ಸುಡ್ತಿರೋದು ಕ್ಲಚ್ಚೇ," ಎಂದ ತಿಬೇರಿಯೊ.

ಅವನು ಯಾರ ಹತ್ತಿರ ಏನು ಹೇಳಿದನೋ, ವಾರದೊಳಗೆ ಎವೇಲಿಯೊ ಹೇಸರಗತ್ತೆಯ ಬೆನ್ನಿನಿಂದ ಗೋಣಿಯಲ್ಲಿ ಸುತ್ತಿದ ಭಾರವೊಂದನ್ನು ಗ್ಯಾರೇಜಿನ ಬಾಗಿಲಲ್ಲಿ ಇಳಿಸಿದ. ಅವನ ಚಿಕ್ಕಪ್ಪನ ತೋಟದಲ್ಲಿ ಸತ್ತು ಬಿದ್ದ ವಿಲ್ಲಿಸ್ ಒಂದಿತ್ತು. ಅದರ ಸೀಟಿನ ಮೇಲೆ ಕಾವು ಕೂತ ಕೋಳಿಯನ್ನು ಎಬ್ಬಿಸದೆ, ಗಾಡಿಯ ಕೆಳಗೆ ಮಲಗಿ ಹಿಂದಿನ ಕ್ರೌನ್ ಪಿನಿಯನ್ ಜೋಡಿಯನ್ನು ಬಿಚ್ಚಿಕೊಂಡು ಬಂದಿದ್ದ. ಅಲ್ಲೇ ನಿಂತಿದ್ದ ಇಸ್ಮೇನಿಯಾಳ ಮುಖ ನೋಡದೆ, ಇದು ಹೊಂದುತ್ತದೋ ನೋಡಿ ಎಂದು ತಿಬೇರಿಯೊನಿಗೆ ಹೇಳಿದ.

ಹೊಂದುವುದೆಂದರೆ ಮುಂದಿನದಕ್ಕೂ ಇದಕ್ಕೂ ಹಲ್ಲಿನ ಲೆಕ್ಕ ಒಂದೇ ಇರಬೇಕು. ಪಿನಿಯನ್ನಿಗೆ ಎಂಟು, ಅದು ಸರಿಯಾಗಿತ್ತು. ಕ್ರೌನಿನ ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ ಇಬ್ಬರೂ ಎದುರುಬದುರು ಕುಕ್ಕರಗಾಲಲ್ಲಿ ಕುಳಿತು ಎಣಿಸಿದರು. ಎವೇಲಿಯೊ ನಲವತ್ತೆರಡು ಎಂದ. ಇಸ್ಮೇನಿಯಾ ನಲವತ್ತನಾಲ್ಕು ಎಂದಳು. ತಿಬೇರಿಯೊ ಬಂದು ಎಣಿಸಿದರೆ ನಲವತ್ತಮೂರು, ಮುಂದಿನದರಷ್ಟೇ.

"ಹಲ್ಲು ಕ್ರೌನಿನಲ್ಲಿದೆ ಮಹಾರಾಯರೇ, ಅವರ ಮುಖದಲ್ಲಲ್ಲ," ಎಂದು ಎವೇಲಿಯೊನ ಟೊಪ್ಪಿಯನ್ನು ಕಣ್ಣಿನವರೆಗೆ ಎಳೆದ.

ಶನಿವಾರ ಬಂತು. ಟಾರಿನ ಮೇಲೆ ಬಸ್ಸು, ಲಾರಿ, ಕೊನೆಗೆ ಐಸ್ ಮಾರುವವನ ಸೈಕಲ್ಲು ಕೂಡ ಹಟಕ್ಕೆ ಬಿದ್ದು ಅವಳ ಗಾಡಿಯನ್ನು ಹಿಂದಿಕ್ಕಿ ಹೋದವು. ಮೂಟೆಗಳ ಮೇಲಿನ ಹೆಂಗಸರು ಗೊಣಗಿದರು. ಹೊಳೆಯ ಆಚೆ ಎವೇಲಿಯೊ ನಿಂತಿದ್ದ. ಗಾಡಿ ಗುರುಗುಡುತ್ತ ಅತ್ತೆಯ ಮೇಲೆ ಹೆಜ್ಜೆಯಿಟ್ಟಿತು. ಹೇಸರಗತ್ತೆಯೂ ಇಟ್ಟಿತು. ಸ್ವಲ್ಪ ದೂರ ಅವನು ಬಾಗಿಲು ಮುಟ್ಟದೆ ನಡೆದ.

"ದೋನ್ಯಾ ಇಸ್ಮೇನಿಯಾ, ಬೇಗ ಹೋಗೋ ಹಲ್ಲು ಕಿತ್ತು ಇದನ್ಯಾಕೆ ಹಾಕಿಸಿದ್ರಿ?"

"ಕ್ಲಚ್ಚು ಸುಡ್ತಿತ್ತು," ಎಂದಳು. ಒಂದು ತಿರುವು ಕಳೆಯಿತು. "ಅದಲ್ಲ. ಬೇಗ ಹೋದ್ರೆ ಮೇಲೆ ನೀವಿರಲ್ಲ, ದೋನ್ ಎವೇಲಿಯೊ."

ಕಲ್ಲಿನ ಮೇಲೆ ಗೊರಸಿನ ಸದ್ದು, ಇಂಜಿನ್ನಿನ ಗುರುಗುರು. ಇನ್ನೊಂದು ತಿರುವೂ ಕಳೆಯಿತು. ಆಮೇಲೆ ಬಾಗಿಲಿನ ಮೇಲೆ ಅವನ ಕೈ ಬಂದು ಕೂತಿತು.

"ಹಾಗಾದ್ರೆ ಮೇಲೇ ಇದ್ದುಬಿಡ್ತೀನಿ. ನಿಮ್ಮ ಮನೇಲಿ. ಹೇಸರಗತ್ತೆಗೂ ಜಾಗ ಇದ್ರೆ."

ದೋನ್ಯಾ ರೆಸ್ಫಾ ಗಾಡಿಯ ತಲೆಯ ಮೇಲೆ ದಬದಬ ಬಡಿದಳು. "ಇಂಜಿನ್ ಸದ್ದಲ್ಲಿ ನನಗೆ ಕೇಳಲಿಲ್ಲ. ಇನ್ನೊಂದು ಸಲ ಹೇಳ್ಸಿ."

ಅತ್ತೆಯ ನಡುಬೆನ್ನಿನ ಮೇಲೆ ಗಾಡಿ ನಿಲ್ಲಿಸುವ ಧೈರ್ಯ ಅದುವರೆಗೆ ಯಾರೂ ಮಾಡಿರಲಿಲ್ಲ. ಇಸ್ಮೇನಿಯಾ ನಿಲ್ಲಿಸಿದಳು, ಇಂಜಿನ್ನನ್ನೂ ಆರಿಸಿದಳು. ಎವೇಲಿಯೊ ಟೊಪ್ಪಿ ತೆಗೆದು, ಮೂಟೆಗಳ ಮೇಲಿನವರಿಗೆಲ್ಲ ಕೇಳುವಂತೆ ಇನ್ನೊಂದು ಸಲ ಹೇಳಿದ. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಜಾಗ ಇದೆ ಎಂದು ಅವಳೂ ಎಲ್ಲರಿಗೂ ಕೇಳುವಂತೆಯೇ ಹೇಳಿದಳು. ಆಮೇಲೆ ಇಂಜಿನ್ನು ಹಚ್ಚಿ, ಕ್ಲಚ್ಚನ್ನು ಮೆಲ್ಲನೆ ಬಿಟ್ಟಳು. ಅಷ್ಟು ಕಡಿದಾದ ಕಲ್ಲಿನ ಮೇಲೆ, ಅಷ್ಟು ಭಾರ ಹೊತ್ತ ಗಾಡಿ, ಒಂದು ಗೇಣೂ ಹಿಂದೆ ಜಾರದೆ ನಾಲ್ಕೂ ಚಕ್ರ ಒಂದೇ ಮನಸ್ಸಿನಿಂದ ಮೇಲಕ್ಕೆ ನಡೆಯಿತು.