ಅರ್ಧ ಖಾಲಿ ದೋಣಿ

ಟೈಟಾನಿಕ್ ಹಡಗಿನ ಹುಚ್ಚು ನನಗೆ ಹೈಸ್ಕೂಲಿನಿಂದಲೇ ಇದೆ. ಅಮೆರಿಕದ ಟೆಕ್ಸಸ್‌ನ ಕ್ಲಿಯರ್ ಲೇಕ್ ಊರಿನಲ್ಲಿ ಎಂಜಿನಿಯರ್ ಆಗಿ ದುಡಿದು ರಿಟೈರ್ ಆದ ಮೇಲಂತೂ ಅದೇ ಕಸುಬಾಯಿತು. ಮನೆಗೆ ಬಂದ ಕನ್ನಡದವರನ್ನೆಲ್ಲ ಕೂರಿಸಿಕೊಂಡು ತಲೆ ತಿನ್ನುತ್ತಿದ್ದೆ. ನಲವತ್ತು ಜನ ಹಿಡಿಸುವ ದೋಣಿಯೊಂದು ಹನ್ನೆರಡೇ ಜನರನ್ನು ಹೊತ್ತು ನೀರಿಗಿಳಿದದ್ದನ್ನು ಹೇಳುವಾಗ ನನಗೆ ನಿಜವಾಗಿಯೂ ಸಿಟ್ಟು ಬರುತ್ತಿತ್ತು. ದೋಣಿಗಿಂತ ಹಡಗೇ ಭದ್ರ ಎಂದು ಹಿಂದೆ ಸರಿದವರನ್ನು ಬುದ್ಧಿಗೇಡಿಗಳು ಎಂದು ಬೈಯುತ್ತಿದ್ದೆ.

"ಸತ್ತೋರನ್ನ ಯಾಕ್ರೀ ಬೈತೀರಾ?" ಎನ್ನುತ್ತಿದ್ದಳು ಹೆಂಡತಿ. ಆಗಲೇ ಅವಳಿಗೆ ದಿನ ಬಿಟ್ಟು ದಿನ ಡಯಾಲಿಸಿಸ್ ನಡೆಯುತ್ತಿತ್ತು.

ಹರಿಕೇನ್ ಬಂದ ವರ್ಷ ನಮ್ಮ ಬೀದಿಯೂ ಮುಳುಗಿತು. ಕೆಳಮನೆಯಲ್ಲಿ ಸೊಂಟದ ಮಟ್ಟಕ್ಕೆ ನೀರು. ಇಬ್ಬರೂ ಮಹಡಿ ಸೇರಿದೆವು. ಫೋನ್ ಮಾಡಿದರೆ ಯಾರೂ ಸಿಗಲಿಲ್ಲ. ಮಾರನೆಯ ಬೆಳಗ್ಗೆ, ಡಯಾಲಿಸಿಸ್‌ಗೆ ಹೋಗಬೇಕಾಗಿದ್ದ ದಿನವೇ, ಅಪರಿಚಿತನೊಬ್ಬ ತನ್ನ ಮೀನು ಹಿಡಿಯುವ ದೋಣಿಯನ್ನು ನಮ್ಮ ಕಿಟಕಿಯ ಕೆಳಗೆ ತಂದು ನಿಲ್ಲಿಸಿದ. ಒಬ್ಬ ಮುದುಕಿ, ಒಂದು ನಾಯಿ ಬಿಟ್ಟರೆ ದೋಣಿ ಖಾಲಿ. ಬರುತ್ತೀರಾ ಎಂದು ಕೇಳಿದ. ಪರವಾಗಿಲ್ಲ, ನಿಮಗ್ಯಾಕೆ ತೊಂದರೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ನಮ್ಮ ಕಡೆ ಯಾರ ಮನೆಗೆ ಹೋದರೂ, ಕಾಫಿ ಎಂದರೆ ಮೊದಲು ಬೇಡ ಎನ್ನುತ್ತೇವೆ. ಅವರು ಬಲವಂತ ಮಾಡುತ್ತಾರೆ, ಆಮೇಲೆ ಕುಡಿಯುತ್ತೇವೆ. ಟೆಕ್ಸಸ್‌ನಲ್ಲಿ ಮೂವತ್ತು ವರ್ಷ ಇದ್ದರೂ ನನ್ನ ನಾಲಗೆ ಆ ರೂಢಿ ಬಿಟ್ಟಿರಲಿಲ್ಲ. ಆತ ಬಲವಂತ ಮಾಡಲಿಲ್ಲ. ನನ್ನ ಮಾತು ನಂಬಿ, ಕೈಯೆತ್ತಿ, ಪಕ್ಕದ ಬೀದಿಗೆ ತಿರುಗಿಕೊಂಡ. ಕೂಗಿ ಕರೆಯಬೇಕಿತ್ತು. ಬೇಡ ಎಂದವನು ಮತ್ತೆ ಕರೆಯುವುದು ಹೇಗೆ ಎಂದು ನಾಚಿಕೆಯಾಯಿತು. ಇನ್ನೊಂದು ದೋಣಿ ಬಂದೇ ಬರುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಬಂತು, ಎರಡು ದಿನ ಕಳೆದ ಮೇಲೆ. ಅಷ್ಟರಲ್ಲಿ ಅವಳ ಮುಖ, ಕಾಲು ಊದಿಕೊಂಡು, ಮಲಗಿದರೆ ಉಸಿರಾಡಲಾಗುತ್ತಿರಲಿಲ್ಲ. ಆಸ್ಪತ್ರೆ ಸೇರಿದ ಮಧ್ಯಾಹ್ನವೇ ಹೋದಳು. ನೀರು ಕೊಂದಿತು ಎಂದು ಜನ ಹೇಳಿದರು. ನಾನು ತಿದ್ದಲಿಲ್ಲ. ಆ ಹೇಡಿತನವೂ ನನ್ನದೇ.

ಆ ಹಡಗಿನ ಪುಸ್ತಕಗಳನ್ನು ಈಗಲೂ ಓದುತ್ತೇನೆ. ಯಾರನ್ನೂ ಬೈಯುವುದಿಲ್ಲ. ಹತ್ತದೆ ಉಳಿದವರನ್ನು ಎಷ್ಟು ಸಲ ಕರೆದಿದ್ದರು ಎಂದಷ್ಟೇ ಹುಡುಕುತ್ತೇನೆ.

ಆ ಬೆಳಗ್ಗೆ ನಾನು ಕಿಟಕಿಯಿಂದ ಈಚೆಗೆ ತಿರುಗಿದಾಗ ಅವಳು ಶೂ ಹಾಕಿಕೊಂಡು, ಔಷಧಿಯ ಚೀಲ ಹೆಗಲಿಗೇರಿಸಿ ನಿಂತಿದ್ದಳು.

"ಇನ್ನೊಂದ್ಸಲ ಕೇಳ್ತಾನೆ ಅಂದ್ಕೊಂಡೆ ಕಣ್ರೀ" ಎಂದು ಚೀಲ ಕೆಳಗಿಟ್ಟಳು.